ಕೋವಿಯ ಕಪಾಟು

ಹಟ್ಟಿಕೇರಿ
೨ ನವೆಂಬರ್ ೨೦೦೩

ರಂಜನಾಗೆ ಅತ್ತೆಯ ಆಶೀರ್ವಾದ.

ಕಾಗದ ನೋಡಿ ನಗಬೇಡ. ನಿನ್ನ ಗಂಡ ಕಾರವಾರ–ಅಂಕೋಲೆ ಬಸ್ಸಿನ ಕಂಡಕ್ಟರ್, ದಿನಕ್ಕೆ ನಾಲ್ಕು ಸಲ ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಹಾದುಹೋಗುತ್ತಾನೆ. ಅವನ ಹತ್ತಿರ ಹೇಳಿ ಕಳಿಸಬಹುದಿತ್ತು. ಆದರೆ ಯೋಗೇಶನ ಹತ್ತಿರ ಹೇಳಿದ ಮಾತು ಅರ್ಧ ಬಸ್ಸಿನಲ್ಲೇ ಉಳಿಯುತ್ತದೆ, ಉಳಿದರ್ಧಕ್ಕೆ ಅವನು ಸಕ್ಕರೆ ಬೆರೆಸುತ್ತಾನೆ. ಅಂಗಡಿಯ ಫೋನಿನಲ್ಲಿ ಮಾತಾಡೋಣವೆಂದರೆ ಚಹಾಪುಡಿ ಕೊಳ್ಳಲು ಬಂದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಾರೆ. ಏಳನೆಯ ಇಯತ್ತೆಯವರೆಗೆ ಓದಿದ್ದು ಇದಕ್ಕಾದರೂ ಉಪಯೋಗಕ್ಕೆ ಬರಲಿ.

ಚೌತಿಯ ಮರುದಿನ ನನ್ನ ಮೊಮ್ಮಗಳು ಪ್ರೇಕ್ಷಾಳನ್ನು ಎತ್ತಿಕೊಂಡು ಹೋದವಳು ದೀಪಾವಳಿಗೂ ಬರಲಿಲ್ಲ. ಎರಡು ತಿಂಗಳಾಯಿತು. ಹಬ್ಬದ ದಿನ ಸೌತೆಕಾಯಿ ಕಡುಬು ಮಾಡಿ, ಬಸ್ಸಿನ ಸದ್ದು ಕೇಳಿದಾಗಲೆಲ್ಲ ಅಂಗಳಕ್ಕೆ ಬಂದು ನೋಡಿದೆ. ಇಳಿದವನು ಯೋಗೇಶ ಒಬ್ಬನೇ. ಮೂರು ಕಡುಬು ತಿಂದು, ಸೀಟಿ ಊದಿಕೊಂಡು ಹೋದ.

ಒಂದು ಖಾಲಿ ಕೋವಿಗಾಗಿ ಇಷ್ಟು ಸಿಟ್ಟೇ? ನನ್ನ ಅಪ್ಪನ ಕಾಲದಿಂದ ಅದು ಈ ಮನೆಯಲ್ಲಿದೆ. ಅಪ್ಪನ ಕಣ್ಣು ಮಂಜಾದ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಯಿತು. ಗಂಡ ಮಲ್ಪೆಯಲ್ಲಿ ಬೋಟಿನ ಮೇಲಿರುವಾಗ ಗದ್ದೆಗೆ ಬಿದ್ದ ಹಂದಿಗಳನ್ನು ಓಡಿಸಿದವಳು ನಾನು. ಕಿಡಿ ಕೊಡುವ ಕೇಪು ಇಡದಿದ್ದರೆ ಕೋವಿ ಬರೀ ಕೋಲು. ಯೋಗೇಶ ಅದರ ಅಡಿಯಲ್ಲೇ ಅಂಬೆಗಾಲಿಟ್ಟವನು, ಅವನಿಗೇನಾಗಿದೆ?

ಕಾಗದದ ಜೊತೆ ಯೋಗೇಶನ ಕೈಯಲ್ಲಿ ಕೊಟ್ಟ ಚೀಲದಲ್ಲಿ ಮೊಗೆಕಾಯಿ ಎರಡಿವೆ. ಒಂದನ್ನು ನಿನ್ನ ತಾಯಿ ಗಂಗೂಬಾಯಿಗೆ ಕೊಡು.

ನಿನ್ನ ಅತ್ತೆ
ಜಾನಕಿ

*

ಕೋಡಿಬಾಗ, ಕಾರವಾರ
೯ ನವೆಂಬರ್ ೨೦೦೩

ಅತ್ತೆಗೆ ನಮಸ್ಕಾರಗಳು.

ಮೊಗೆಕಾಯಿ ತಲುಪಿದವು. ಕಾಗದ ಎರಡು ದಿನ ತಡವಾಗಿ ತಲುಪಿತು. ನಿಮ್ಮ ಮಗ ಅದನ್ನು ಟಿಕೆಟ್ ಚೀಲದಲ್ಲೇ ಮರೆತಿದ್ದರು.

ನನಗೆ ಸಿಟ್ಟಿಲ್ಲ, ಅತ್ತೆ. ಹೆದರಿಕೆ. ಆ ದಿನ ನಾನು ಕಂಡದ್ದನ್ನು ನೀವು ಕಂಡಿಲ್ಲ, ಅದಕ್ಕೇ ಬರೆಯುತ್ತೇನೆ. ಕೋವಿ ಮೂಲೆಯಲ್ಲಿ, ಭತ್ತದ ಮೂಟೆಗೆ ಒರಗಿಸಿದ ಹಾಗಿತ್ತು. ಪ್ರೇಕ್ಷಾ ಅದನ್ನು ಜಾರಿಸಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಎರಡೂ ಕೈಯಿಂದ, ಕೇಪಿಗೆ ಬಡಿಯುವ ಅದರ ಕುದುರೆಯನ್ನು ಹಿಂದಕ್ಕೆ ಎಳೆಯಲು ನೋಡುತ್ತಿದ್ದಳು. ಪಕ್ಕದಲ್ಲಿ ಕೇಪಿನ ಡಬ್ಬಿ ತೆರೆದಿತ್ತು. ಆ ಪುಟ್ಟ ತಾಮ್ರದ ಟೋಪಿಗಳನ್ನು ಸಾಲಾಗಿ ಇಟ್ಟು, "ಇದೆಲ್ಲ ನನ್ನ ಅಡುಗೆ ಪಾತ್ರೆ" ಎಂದಳು. ಕೋವಿಯ ಬಾಯಿ ಅವಳ ಗಲ್ಲದ ಹತ್ತಿರವಿತ್ತು.

ನಾನು ಕೂಗಿಕೊಂಡೆ. ನೀವು ಒಳಗಿಂದ ಬಂದವರು, "ಎಂತಕ್ಕೆ ಹಾಂಗೆ ಕೂಗ್ತೆ? ಖಾಲಿ ಕೋವಿ ಅದು. ಈ ಮನೆ ಮಕ್ಕಳೆಲ್ಲ ಅದ್ನ ಕಂಡ್ಕಂಡೇ ದೊಡ್ಡಾದವು. ಪೇಟೆಯವ್ರಿಗೆ ಎಲ್ಲದಕ್ಕೂ ಹೆದ್ರಿಕೆ" ಅಂದಿರಿ. ಗಣಪತಿ ನೋಡಲು ಬಂದವರೆಲ್ಲ ನಕ್ಕರು. ನಕ್ಕದ್ದು ನೋವಾಯಿತು, ಆದರೆ ಅದನ್ನು ನಾನು ಮರೆಯಬಲ್ಲೆ. ಮಗುವಿನ ಗಲ್ಲವನ್ನು ಮರೆಯಲಾರೆ.

ನೀವು ಯಾವತ್ತು ಬೇಕಾದರೂ ಕೋಡಿಬಾಗಕ್ಕೆ ಬನ್ನಿ. ಆದರೆ ಆ ಕೋವಿ ಕೈಗೆ ಸಿಗುವಂತೆ ಇರುವವರೆಗೆ ಪ್ರೇಕ್ಷಾಳನ್ನು ನಾನು ಹಟ್ಟಿಕೇರಿಗೆ ಕರೆತರುವುದಿಲ್ಲ. ಇದನ್ನು ಸೊಸೆಯ ಹಟವೆಂದು ತಿಳಿಯಬೇಡಿ.

ನಿಮ್ಮ
ರಂಜನಾ

*

ಹಟ್ಟಿಕೇರಿ
೧೮ ಡಿಸೆಂಬರ್ ೨೦೦೩

ರಂಜನಾಗೆ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಮೊದಲ ವಾರ ಸಿಟ್ಟಿನಲ್ಲೇ ಕಳೆಯಿತು.

ಇವತ್ತು ಬರೆಯಲು ಸುದ್ದಿ ಇದೆ. ಲೈಸೆನ್ಸ್ ಹೊಸತು ಮಾಡಿಸುವ ವರ್ಷ ಇದು. ಠಾಣೆಗೆ ಹೋಗಿದ್ದೆ. ಹಿಂದೆಲ್ಲ ಒಂದು ಸಹಿ, ಒಂದು ಮೊಹರು, ಮುಗಿಯಿತು. ಈಗ ಬಂದಿರುವ ಸಾಹೇಬರಿಗೆ ಮೀಸೆಯೇ ಸರಿಯಾಗಿ ಬಂದಿಲ್ಲ, ಪ್ರಶ್ನೆ ಮಾತ್ರ ಬೇಕಾದಷ್ಟು.

"ಕೋವಿ ಎಲ್ಲಿ ಇಡ್ತೀರಿ ಅಮ್ಮ?"

"ಗೋಡೆ ಮೇಲೆ, ಎರಡು ಗೂಟ ಅದೆ."

"ಬೀಗ?"

"ಮನೆಗೇ ಬೀಗ ಅದ್ಯಲ್ಲ."

"ಮದ್ದು?"

"ಒಲೆ ಮೇಲಿನ ಅಟ್ಟದಲ್ಲಿ. ಮಳೆಗಾಲದಲ್ಲಿ ತಂಡಿ ಹಿಡಿಯೂದಿಲ್ಲ, ಬೆಚ್ಚಗೆ ಇರ್ತದೆ."

ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಒಲೆ ಮೇಲೆ ಮದ್ದೇ?" ಅಂತ ಎರಡು ಸಲ ಕೇಳಿದರು. ಹಿಂದೆ ನಿಂತಿದ್ದ ತಿಮ್ಮು ಮೆಲ್ಲಗೆ ಹೊರಗೆ ಜಾರಿದ. ಪಕ್ಕದ ಗದ್ದೆಯ ತಿಮ್ಮು, ಗೊತ್ತಲ್ಲ, ಅವನ ಮದ್ದೂ ಅವನ ಮನೆಯ ಒಲೆಯ ಮೇಲೇ ಇರುವುದು.

ಅವರ ಷರತ್ತು ಕೇಳು. ಗೋಡೆಗೆ ಬಿಗಿದ ಗಟ್ಟಿ ಕಪಾಟು ಬೇಕಂತೆ. ಒಳಗೆ ಕೋವಿಗೆ ಸರಪಳಿ, ಹೊರಗೆ ಬೀಗ. ಮದ್ದು, ಚರೆಗುಂಡು, ಕೇಪು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಕೀಲಿ ಲೈಸೆನ್ಸ್ ಇದ್ದವರ ಕೈಯಲ್ಲಿ ಮಾತ್ರ. ತಾವೇ ಬಂದು ನೋಡಿದ ಮೇಲೆ ವರದಿ ಬರೆಯುವುದಂತೆ. ಮಾತೆಲ್ಲ ನಿನ್ನ ಹಾಗೆಯೇ. ನಿನ್ನ ತವರಿನ ಕಡೆಯವರಿರಬೇಕು ಅಂದುಕೊಂಡೆ.

ಅರವತ್ತು ವರ್ಷದಿಂದ ಗೂಟದ ಮೇಲಿರುವ ಕೋವಿಗೆ ಈಗ ಕಪಾಟೇಕೆ ಅಂತ ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ ನಿನ್ನ ಕಾಗದದ ಗಲ್ಲದ ಮಾತು ನೆನಪಾಯಿತು.

ನಿನಗೊಂದು ಹೇಳಬೇಕು. ನೀನು ಹೋದ ದಿನ ಅದನ್ನು ಗೂಟಕ್ಕೆ ಏರಿಸಿದವಳು ಮತ್ತೆ ಮುಟ್ಟಿಲ್ಲ. ಈ ಸಲ ಎರಡೂ ಗದ್ದೆಗಳನ್ನು ತಿಮ್ಮುವೇ ಪಟಾಕಿ ಹೊಡೆದು ಕಾದ.

ಜಾನಕಿ

*

ಕೋಡಿಬಾಗ
೬ ಜನವರಿ ೨೦೦೪

ಅತ್ತೆಗೆ ನಮಸ್ಕಾರ.

ಆ ಸಾಹೇಬರಿಗೆ ನನ್ನದೂ ಒಂದು ನಮಸ್ಕಾರ ಹೇಳಿ. ಅವರು ಹೇಳಿದ್ದರಲ್ಲಿ ಒಂದನ್ನೂ ಬಿಡಬೇಡಿ. ನನ್ನದು ಒಂದೇ ಒಂದು ಸೇರಿಸುವುದಿದೆ. ಕೀಲಿಯನ್ನು ದೇವರ ಪಟದ ಹಿಂದಿನ ಮೊಳೆಗೆ ನೇತುಹಾಕಬೇಡಿ. ನಿಮ್ಮ ಮನೆಯ ಎಲ್ಲ ಕೀಲಿಗಳೂ ಅಲ್ಲೇ ಇರುವುದು ಹಾಲು ಕೊಡುವ ಸುಬ್ಬಿಗೂ ಗೊತ್ತು, ಪ್ರೇಕ್ಷಾಗೂ ಗೊತ್ತು.

ಇಷ್ಟು ಆದರೆ ನಾನು ಬರುತ್ತೇನೆ. ಬರುವ ಆಸೆ ನನಗೂ ಇದೆ. ನೀವು ನನ್ನ ತಲೆಗೆ ಎಣ್ಣೆ ಹಚ್ಚಿದ ಹಾಗೆ ನನ್ನ ತಾಯಿಯೂ ಹಚ್ಚಿಲ್ಲ.

ಪ್ರೇಕ್ಷಾ ನಿನ್ನೆ ಕೇಳಿದಳು, "ಅಪ್ಪನ ಬಸ್ಸು ಅಜ್ಜಿ ಮನೆ ಹತ್ರ ನಿಲ್ಲೂದಿಲ್ವ?" ಅಂತ. ನಿಲ್ಲುತ್ತದೆ ಎಂದೆ. "ಮತ್ತೆ ನಾವ್ಯಾಕೆ ಇಳಿಯೂದಿಲ್ಲ?" ಎಂದಳು. ಊಟಕ್ಕೆ ಬಡಿಸಿದೆ.

ರಂಜನಾ

*

ಹಟ್ಟಿಕೇರಿ
೮ ಫೆಬ್ರವರಿ ೨೦೦೪

ನನ್ನ ಸೊಸೆ ಸಾಹೇಬರಿಗೆ ಜಾನಕಿಯ ವರದಿ.

ಕಪಾಟು ಆಯಿತು. ಭಾವಿಕೇರಿಯ ಬಡಗಿ ಪುಟ್ಟು ಹಲಸಿನ ಹಲಗೆಯಲ್ಲಿ ಮಾಡಿಕೊಟ್ಟ. ಎಂಟು ದಿನದ ಕೆಲಸಕ್ಕೆ ಹದಿನೈದು ದಿನ ಹಿಡಿದ, ದಿನಕ್ಕೆ ಎರಡು ಸಲ ಅವಲಕ್ಕಿ ತಿಂದ. ಎದೆಮಟ್ಟದ ಎತ್ತರ, ಗೋಡೆಯೊಳಗೆ ಹೋದ ನಾಲ್ಕು ಕಬ್ಬಿಣದ ಮೊಳೆ, ಮುಷ್ಟಿ ಗಾತ್ರದ ಬೀಗ. ಮೊದಲು ನೋಡಿದವರು ಬಂಗಾರ ಇಟ್ಟಿದ್ದೀಯಾ ಅಂತ ಕೇಳುತ್ತಾರೆ. ಮದ್ದು, ಚರೆ, ಕೇಪು ಎಲ್ಲ ಅಟ್ಟದಿಂದ ಇಳಿದು ಹಿತ್ತಿಲ ಕೋಣೆಯ ಕಬ್ಬಿಣದ ಪೆಟ್ಟಿಗೆಗೆ ಹೋದವು. ಅದಕ್ಕೊಂದು ಬೇರೆ ಬೀಗ.

ಎರಡೂ ಕೀಲಿ ನನ್ನ ಕೊರಳಲ್ಲಿ, ತುಳಸಿ ಸರದ ಜೊತೆಗೆ. ಸ್ನಾನಕ್ಕೂ ತೆಗೆಯುವುದಿಲ್ಲ. ನಡೆದರೆ ಸದ್ದಾಗುತ್ತದೆ. ತಿಮ್ಮು ನನ್ನನ್ನು ಕಂಡರೆ, "ಜಾನಕಕ್ಕನ ಗಾಡಿ ಬಂತು" ಅನ್ನುತ್ತಾನೆ.

ಸಾಹೇಬರು ಮೊನ್ನೆ ಬಂದರು. ಬೀಗ ಜಗ್ಗಿದರು, ಸರಪಳಿ ಎಳೆದರು, ಪೆಟ್ಟಿಗೆ ತೆಗೆಸಿ ನೋಡಿದರು. ಚಹಾ ಕುಡಿದು, "ಈ ಊರಲ್ಲಿ ನಿಮ್ದೇ ಮೊದಲ್ನೇ ಕಪಾಟು ಅಮ್ಮ" ಅಂದರು. ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಲೈಸೆನ್ಸಿಗಾಗಿ ಮಾಡಿಸಿದೆ ಅಂತ ಊರಿಗೆ ಹೇಳಿದ್ದೇನೆ. ನಿನಗೆ ನಿಜ ಹೇಳುತ್ತೇನೆ. ಲೈಸೆನ್ಸ್ ಹೋದರೆ ಹೋಗಲಿ ಅನ್ನುವ ಹೆಂಗಸು ನಾನು. ಮಗು ಬರದೆ ನನಗೆ ಮನೆ ಬೇಡವಾಗಿದೆ. ಬೆಳಿಗ್ಗೆ ದೋಸೆಗೆ ಹಿಟ್ಟು ಹೊಯ್ಯುವಾಗ ಕೊನೆಯದನ್ನು ಸಣ್ಣದಾಗಿ ಹೊಯ್ಯುತ್ತೇನೆ, ಅವಳಿಗೆ ಮಾಡುತ್ತಿದ್ದ ಹಾಗೆ. ಆಮೇಲೆ ನಾನೇ ತಿನ್ನುತ್ತೇನೆ.

ಬಾ. ಜಗ್ಗಿ ನೋಡು ಬೇಕಾದರೆ.

ಜಾನಕಿ

*

ಕೋಡಿಬಾಗ
೨೦ ಫೆಬ್ರವರಿ ೨೦೦೪

ಅತ್ತೆ,

ಯುಗಾದಿಗೆ ಬರುತ್ತೇವೆ. ನಾಲ್ಕು ದಿನ ಇರುತ್ತೇವೆ. ಶಾಲೆಯ ಆಫೀಸಿನ ನನ್ನ ಕೆಲಸಕ್ಕೆ ರಜೆ ಕೇಳಿ ಆಯಿತು. ಪ್ರೇಕ್ಷಾ ಇವತ್ತಿನಿಂದಲೇ ಚೀಲ ತುಂಬುತ್ತಿದ್ದಾಳೆ. ಅದರಲ್ಲಿ ಈಗ ಒಂದು ಬಾಚಣಿಗೆ, ಎರಡು ಗೋಲಿ ಮತ್ತು ನನ್ನ ಒಂದು ಚಪ್ಪಲಿ ಇದೆ.

ದೋಸೆಯ ಸಾಲನ್ನು ನಿಮ್ಮ ಮಗನಿಗೆ ಓದಿ ಹೇಳಿದೆ. ಬಲಗಿವಿಯ ಹತ್ತಿರ ಗಟ್ಟಿಯಾಗಿಯೇ ಓದಿದೆ. ಕೇಳಲಿಲ್ಲ ಎನ್ನುವ ಹಾಗೆ ಎದ್ದು ಹೋಗಿ ಬಾವಿಕಟ್ಟೆಯ ಹತ್ತಿರ ಬಹಳ ಹೊತ್ತು ಮುಖ ತೊಳೆದರು.

ನಾನು ಚೌತಿಯ ದಿನ ಬಂದವರ ಮುಂದೆ ದನಿ ಏರಿಸಿದ್ದು ತಪ್ಪು. ಅದನ್ನು ಬಂದು ಹೇಳುತ್ತೇನೆ.

ರಂಜನಾ

*

ಹಟ್ಟಿಕೇರಿ
೧೪ ಮಾರ್ಚ್ ೨೦೦೪

ರಂಜನಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಯುಗಾದಿಗೆ ಇನ್ನು ಒಂದು ವಾರವಿದೆ. ನೀನು ಬಸ್ಸು ಹತ್ತುವ ಮೊದಲು ಇದು ನಿನ್ನ ಕೈ ಸೇರಬೇಕು.

ಚುನಾವಣೆ ಬಂತೆಂದು ಊರಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಇಡಬೇಕೆಂದು ಹೇಳಿದ್ದಾರೆ. ಮೊನ್ನೆ ಬೆಳಿಗ್ಗೆ ತಿಮ್ಮು ತನ್ನದನ್ನು ಹೆಗಲಿಗೇರಿಸಿ ಬಂದ. ನಾನು ಕಪಾಟು ತೆಗೆದು, ಸರಪಳಿ ಬಿಚ್ಚಿ ನನ್ನದನ್ನು ಕೊಟ್ಟೆ. ಒಯ್ಯುವ ಮೊದಲು ನೋಡಬೇಕೆಂದು ಅವನು ಮದ್ದು ಜಡಿಯುವ ಉದ್ದ ಕೋಲನ್ನು, ಗಜವನ್ನು, ನಳಿಗೆಯೊಳಗೆ ಬಿಟ್ಟ. ಖಾಲಿ ಕೋವಿಯಾದರೆ ಗಜ ಬಾಯಿಮಟ್ಟ ಒಳಗೆ ಇಳಿಯುತ್ತದೆ. ಅದು ನಾಲ್ಕು ಬೆರಳು ಹೊರಗೇ ನಿಂತಿತು.

"ಜಾನಕಕ್ಕ, ಇದ್ರಲ್ಲಿ ಮದ್ದು ಅದೆ" ಅಂದ.

"ಇಲ್ಲೋ" ಅಂದೆ. ಅವನು ಇನ್ನೊಂದು ಸಲ ಬಿಟ್ಟು ತೋರಿಸಿದ. ಹಳ್ಳದ ದಂಡೆಗೆ ಒಯ್ದು, ಕೇಪು ಇಟ್ಟು ಮಣ್ಣಿಗೆ ಗುರಿ ಹಿಡಿದ. ಮೊದಲ ಸಲಕ್ಕೇ ಹಾರಿತು. ಮಣ್ಣು ಬುಟ್ಟಿಯಗಲ ಕಿತ್ತುಹೋಯಿತು. ನಾನು ಹೋಗಿ ಆ ಗುಂಡಿಗೆ ಕೈ ಹಾಕಿ ನೋಡಿದೆ.

ಆಗ ನೆನಪಾಯಿತು. ಚೌತಿಯ ಹಿಂದಿನ ಸಂಜೆ ಹಂದಿಗಾಗಿ ತುಂಬಿದ್ದೆ. ಹಂದಿ ಬರಲಿಲ್ಲ. ಬಾಯಿಯಿಂದ ಮದ್ದು ಜಡಿಯುವ ಇಂಥ ಕೋವಿಯನ್ನು ತುಂಬಿದ ಮೇಲೆ ಹಾರಿಸಿಯೇ ಖಾಲಿ ಮಾಡಬೇಕು. ಬೆಳಗಾದರೆ ಗಣಪತಿ ಮನೆಗೆ ಬರುವವನು, ಅವನಿರುವಾಗ ನಮ್ಮಲ್ಲಿ ಕೋವಿ ಹಾರಿಸುವುದಿಲ್ಲ. ಗಣಪತಿಯನ್ನು ಮುಳುಗಿಸಿದ ಮೇಲೆ ಗುಡ್ಡಕ್ಕೆ ಹಾರಿಸಿದರಾಯಿತೆಂದು ಕೇಪು ತೆಗೆದು ಮೂಲೆಗೆ ಒರಗಿಸಿದೆ. ಹಬ್ಬದ ಗಡಿಬಿಡಿಯಲ್ಲಿ ಅದು ತಲೆಯಿಂದಲೇ ಹೋಯಿತು. ಚೌತಿಯ ಮರುದಿನ ನೀನು ಹೋದೆ. ಆ ಸಂಕಟದಲ್ಲಿ ಎಲ್ಲ ಮರೆತು, ಹಾಗೆಯೇ ಗೂಟಕ್ಕೆ ಏರಿಸಿದೆ. ಹಾಗೆಯೇ ಕಪಾಟಿಗೂ ಇಟ್ಟೆ. ಸಾಹೇಬರು ಬೀಗ ನೋಡಿದರು, ನಳಿಗೆಯನ್ನು ಯಾರೂ ನೋಡಲಿಲ್ಲ.

ಪ್ರೇಕ್ಷಾಳ ತೊಡೆಯ ಮೇಲಿದ್ದದ್ದು ತುಂಬಿದ ಕೋವಿ, ರಂಜನಾ. ಅವಳು ಪಾತ್ರೆಯೆಂದು ಜೋಡಿಸಿದ್ದರಲ್ಲಿ ಒಂದನ್ನು ಎತ್ತಿ ಅದರ ಜಾಗದಲ್ಲಿ ಇಟ್ಟಿದ್ದರೆ ಮುಗಿಯುತ್ತಿತ್ತು. ನಾನು ಖಾಲಿ ಕೋವಿ ಅಂದೆ, ನಿನ್ನನ್ನು ನಗುವವರ ಮುಂದೆ ನಿಲ್ಲಿಸಿದೆ.

ಇನ್ನೊಂದು ಉಳಿದಿದೆ. ಯೋಗೇಶನ ಎಡಗಿವಿ ಹೋದದ್ದು, ಅದರ ಹಿಂದಿನ ಕಪ್ಪು ಕಲೆ, ದೀಪಾವಳಿಯ ಪಟಾಕಿಯಿಂದ ಅಂತ ನಿನಗೆ ಹೇಳಿದ್ದೇನೆ. ಊರಿಗೂ ಅದನ್ನೇ ಹೇಳಿದ್ದೇನೆ. ಪಟಾಕಿಯಲ್ಲ, ಇದೇ ಕೋವಿ. ಅವನಿಗೆ ಆರು ವರ್ಷ. ಆಗಲೂ ಒಂದು ತುಂಬಿದ್ದನ್ನು ಹಾರಿಸದೆ ಇಟ್ಟಿದ್ದೆ, ಕೇಪು ತೆಗೆದಿದ್ದೇನಲ್ಲ ಎನ್ನುವ ಧೈರ್ಯದಲ್ಲಿ. ನಾನು ಮಾಡುವುದನ್ನು ನೋಡಿ ನೋಡಿ ಕಲಿತಿದ್ದ, ಕೇಪು ಹುಡುಕಿ ಇಟ್ಟ. ಚರೆ ಹಂಚಿಗೆ ಹೋಯಿತು, ಉರಿ ಕಿವಿಯ ಮೇಲಿಂದ ಹೋಯಿತು. ಅವನ ಅಪ್ಪ ಬೋಟಿನಿಂದ ಬಂದಾಗ ಕಿವಿಗೆ ಪಟಾಕಿ ಅಂದೆ, ಹಂಚಿಗೆ ತೆಂಗಿನಕಾಯಿ ಅಂದೆ. ಅವರು ಸಾಯುವವರೆಗೂ ನಂಬಿದ್ದರು.

ಒಂದು ಸಲ ಆದ ಮೇಲೂ ಕಲಿಯದವಳು ನಾನು. ಈ ಕಪಾಟು ಇಪ್ಪತ್ತನಾಲ್ಕು ವರ್ಷ ತಡವಾಯಿತು.

ತಿಮ್ಮು, "ಯಾರ ಹತ್ರಾನೂ ಹೇಳೂದಿಲ್ಲ ಅಕ್ಕ, ಮಗು ಬರೂ ಹೊತ್ತಿಗೆ ಯಾಕೆ" ಅಂದ. ನನಗೂ ಒಂದು ದಿನ ಹಾಗೆಯೇ ಅನಿಸಿತು. ಇನ್ನೊಂದು ಸುಳ್ಳಿನ ಅಡಿಯಲ್ಲಿ ಅವಳನ್ನು ಮಲಗಿಸಲಾರೆ.

ಈಗ ಬರುವುದು ಬಿಡುವುದು ನಿನ್ನದು. ಬರದಿದ್ದರೆ ನಾನು ಒಂದು ಮಾತೂ ಆಡುವುದಿಲ್ಲ.

ಜಾನಕಿ

*

ಹಟ್ಟಿಕೇರಿ
೧೨ ಏಪ್ರಿಲ್ ೨೦೦೪

ರಂಜನಾಗೆ,

ಯುಗಾದಿ ಹೋಯಿತು. ನೀನು ಬರಲಿಲ್ಲ, ಕಾಗದವೂ ಇಲ್ಲ. ಯೋಗೇಶ ಈಗ ಬಸ್ಸು ನಿಂತರೂ ಇಳಿಯುವುದಿಲ್ಲ, ಕಿಟಕಿಯಿಂದ ಕೈಮಾಡಿ ಹೋಗುತ್ತಾನೆ. ಅವನಿಗೂ ಹೇಳಿರಬೇಕು ನೀನು. ಸರಿಯೇ.

ಹಂದಿಗಳಿಗೆ ನನ್ನ ಕೋವಿ ಠಾಣೆಯಲ್ಲಿದೆಯೆಂದು ಯಾರು ಹೇಳಿದರೋ, ಗೆಣಸಿನ ಅರ್ಧ ಗದ್ದೆ ಉತ್ತು ಹೋದವು. ತಿನ್ನಲಿ. ಚುನಾವಣೆ ಮುಗಿದ ಮೇಲೆ ಕೋವಿ ವಾಪಸು ಕೊಡುತ್ತಾರಂತೆ. ನಾನು ತರುವುದಿಲ್ಲ. ಲೈಸೆನ್ಸನ್ನೂ ಒಪ್ಪಿಸಿಬಿಡುತ್ತೇನೆ.

ಇದನ್ನು ನಿನ್ನನ್ನು ಕರೆಯಲೆಂದು ಬರೆದದ್ದಲ್ಲ. ಮಾವಿನಕಾಯಿ ಉಪ್ಪಿಗೆ ಹಾಕಿದ್ದೆ, ಒಂದು ಭರಣಿ ಕಳಿಸಿದ್ದೇನೆ. ಮಗುವಿಗೆ ಗಂಜಿಯ ಜೊತೆ ಹಾಕು.

ಜಾನಕಿ

*

ಕೋಡಿಬಾಗ
೫ ಮೇ ೨೦೦೪

ಅತ್ತೆಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ಕೆಟ್ಟದ್ದನ್ನು ಬರೆದಿರುತ್ತಿದ್ದೆ.

ನಿಮ್ಮ ಕಾಗದ ಓದಿದ ದಿನ ಪ್ರೇಕ್ಷಾಳ ಚೀಲವನ್ನು ನಾನೇ ಖಾಲಿ ಮಾಡಿದೆ. ಇನ್ನು ಯಾವತ್ತೂ ಆ ಮನೆಗಿಲ್ಲ ಎಂದು ನನ್ನ ತಾಯಿಯ ಮುಂದೆ ಹೇಳಿದೆ. ಪ್ರೇಕ್ಷಾ ಮಲಗಿದಾಗ ಗಲ್ಲ ಮುಟ್ಟಿ ನೋಡುತ್ತಿದ್ದೆ. ನಿಮ್ಮ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದನ್ನು ಮುಚ್ಚಿಡುವುದಿಲ್ಲ.

ನಿಮ್ಮ ಮಗನಿಗೆ ಓದಿ ಹೇಳಿದ್ದು ಹೌದು. ಕಿವಿಯ ವಿಷಯ ಬಂದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಂಗೆ ಗೊತ್ತಿಲ್ಲದೇ ಹ್ಯಾಂಗೆ? ಕೇಪು ಇಟ್ಟವ ನಾನೇ ಅಲ್ದ?" ಎಂದರು. "ಆಯಿ ಪಟಾಕಿ ಅಂದ್ಲು, ನಾನೂ ಪಟಾಕಿ ಅಂದೆ. ನಾ ಮುಟ್ಟಿದ್ದಕ್ಕೇ ಆಯಿ ಸುಳ್ಳು ಹೇಳೂ ಹಾಂಗಾಯ್ತು ಅಂತ ನಂಗೆ ಇಲ್ಲಿವರೆಗೂ ಬೇಜಾರು." ಅತ್ತೆ, ಅವರು ಇಷ್ಟು ವರ್ಷ ತಪ್ಪು ತಮ್ಮದೆಂದುಕೊಂಡಿದ್ದಾರೆ. ಬಸ್ಸಿನಿಂದ ಇಳಿಯದೆ ಇರುವುದು ಸಿಟ್ಟಿನಿಂದಲ್ಲ. ಇಳಿದರೆ ಅಳು ಬರುತ್ತದಂತೆ, ಬಸ್ಸಿನ ತುಂಬ ಜನ ನೋಡುತ್ತಾರಂತೆ. ಅವರು ಇಳಿದಾಗ ತಪ್ಪು ಅವರದಲ್ಲವೆಂದು ನೀವೇ ಬಾಯಿಬಿಟ್ಟು ಹೇಳಬೇಕು. ಬಲಗಡೆ ನಿಂತು ಹೇಳಿ.

ಆಮೇಲೆ ನನಗೆ ಬೇರೆಯೇ ಯೋಚನೆ ಹತ್ತಿತು. ನಳಿಗೆಯಲ್ಲಿ ಮದ್ದಿದ್ದದ್ದು ನಿಮಗೆ ಮತ್ತು ತಿಮ್ಮಣ್ಣನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನೀವು ಸುಮ್ಮನಿದ್ದರೆ ನಾನು ಯುಗಾದಿಗೆ ಬಂದು, ಬೀಗ ಜಗ್ಗಿ ನೋಡಿ, ಸಮಾಧಾನವಾಗಿ ಉಂಡು ಬರುತ್ತಿದ್ದೆ. ನಾನು ಬರುವುದು ನಿಮಗೆ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತು. ಅದನ್ನು ಕಳೆದುಕೊಂಡರೂ ಸರಿಯೆಂದು ಬರೆದಿರಿ. ನನ್ನ ಮಗುವಿಗೆ ಸಂಬಂಧಿಸಿದ ಒಂದು ಮಾತನ್ನೂ ನೀವು ಇನ್ನು ನನ್ನಿಂದ ಮುಚ್ಚಿಡಲಾರಿರಿ. ಇಂಥ ನಂಬಿಕೆ ನನಗೆ ನನ್ನ ಮೇಲೂ ಇಲ್ಲ. ಕಳೆದ ವಾರ ಅವಳು ಮೆಟ್ಟಿಲಿನಿಂದ ಬಿದ್ದಾಗ ನಾನು ಗಮನಿಸದೆ ಇದ್ದದ್ದನ್ನು ನಿಮ್ಮ ಮಗನಿಗೆ ಹೇಳಲೇ ಇಲ್ಲ.

ಲೈಸೆನ್ಸ್ ಒಪ್ಪಿಸಬೇಡಿ. ಕೋವಿ ಬಿಡಿಸಿಕೊಂಡು ಬನ್ನಿ, ಗಜ ಬಿಟ್ಟು ನೋಡಿ, ಕಪಾಟಿನಲ್ಲಿಡಿ. ಅರ್ಧ ಗದ್ದೆ ಗೆಣಸಾದರೂ ಉಳಿಯಲಿ.

ಬರುವ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಪ್ರೇಕ್ಷಾ ಬರುತ್ತಾಳೆ, ಅವಳ ಅಪ್ಪನ ಜೊತೆ. ಶಾಲೆ ತೆರೆಯುವವರೆಗೆ ಇಟ್ಟುಕೊಳ್ಳಿ. ನಾನು ಬರುವುದಿಲ್ಲ. ರಜೆ ಇಲ್ಲವೆಂದಲ್ಲ, ಅತ್ತೆ. ನಾನು ಬಂದರೆ ಅವಳನ್ನು ಕಾಯಲು ಬಂದ ಹಾಗಾಗುತ್ತದೆ. ಅವಳು ನಿಮ್ಮೊಬ್ಬರ ಹತ್ತಿರವೇ ಇರಲಿ.

ನಿಮ್ಮ ಸೊಸೆ
ರಂಜನಾ